ತೊಲೆಯ ಕೆಳಗಿನ ಒಲೆ

“ಅಜ್ಜಾರ, ದಾಸೋಹದ ಪಡಸಾಲಿ ಮಾಳಗಿ ದುರಸ್ತಿ ಮಾಡಸೂದೋ, ಇಲ್ಲಾ ಕೆಡವಿ ಹೊಸಾದ ಹಾಕಸೂದೋ?”

ಮಠದ ಶಿಷ್ಯ ಮುರಿಗೆಪ್ಪ ಆ ತಿಂಗಳಲ್ಲಿ ಈ ಪ್ರಶ್ನೆ ಕೇಳಿದ್ದು ಇದು ನಾಲ್ಕನೆಯ ಸಲ. ಮಠದ ಹಿರಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜ ಎಂದೇ ಕರೆಯುತ್ತಿದ್ದರು. ಮೊದಲ ಮೂರು ಸಲ ಅಜ್ಜ ನೋಡೋಣ ಎಂದು ಸುಮ್ಮನಾಗಿದ್ದರು. ಈ ಸಲ ಮುರಿಗೆಪ್ಪ ಎರಡು ಊರಿನ ಬಡಿಗರು ಹೇಳಿದ್ದನ್ನು ಬರೆದುಕೊಂಡೇ ಬಂದಿದ್ದ. ತೊಲೆಗಳು ಎಷ್ಟು ಉದ್ದ, ಜಂತೆಗಳು ಎಷ್ಟು, ಯಾವ ಮೂಲೆಗೆ ಗೆದ್ದಲು ಹತ್ತಿದೆ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ರೋಹಿಣಿ ಮಳೆಗೆ ಇನ್ನು ಹದಿನೈದು ದಿನ ಉಳಿದಿತ್ತು. ಅಜ್ಜ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಕೂತುಕೋ ಎಂದರು. ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಮನೆಗೆ ಮಣ್ಣಿನ ಮಾಳಿಗೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಅಂಥ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಹಳ್ಳದ ದಂಡೆಯ ಸವುಳು ಮಣ್ಣು ತಂದು ಹರವುತ್ತಾರೆ. ಸವುಳು ಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ. ಊರಿನವರು ಸೋರಿದ ವರ್ಷ ಹಾಕುತ್ತಿದ್ದರು. ಗಾಣಿಗ ಸೋರದ ವರ್ಷವೂ ಹಾಕುತ್ತಿದ್ದ. ಹೊಸದು ಹಾಕುವ ಮೊದಲು ಹಳೆಯದನ್ನು ಕೆರೆದು ತೆಗೆಯಬೇಕೆಂಬುದು ಅವನಿಗೆ ಗೊತ್ತಿಲ್ಲದ ಮಾತಲ್ಲ. ಆದರೆ ಎಲ್ಲಕ್ಕಿಂತ ಕೆಳಗಿದ್ದದ್ದು ಅವನ ಅಪ್ಪ ಹಾಕಿದ ಮಣ್ಣು. ಅದಕ್ಕೆ ಸಲಿಕೆ ತಾಗಿಸಲು ಅವನಿಗೆ ಕೈ ಬರುತ್ತಿರಲಿಲ್ಲ. ಅಪ್ಪ ತೀರಿ ಇಪ್ಪತ್ತಾರು ವರ್ಷವಾಗಿತ್ತು. ಅಪ್ಪನ ಮಣ್ಣಿನ ಮೇಲೆ ಮಗನ ಮಣ್ಣು ಇಪ್ಪತ್ತಾರು ಪದರು ಬಿದ್ದಿತ್ತು. ಮನೆಯನ್ನು ಇವನಷ್ಟು ಜತನ ಮಾಡುವವರು ಯಾರಿದ್ದಾರೆ ಎಂದು ಓಣಿಯವರು ಹೇಳುತ್ತಿದ್ದರು. ಅವನೂ ಹಾಗೆಯೇ ನಂಬಿದ್ದ.

ಆ ಮನೆಗೆ ಇನ್ನೊಂದು ಹೆಗ್ಗಳಿಕೆ ಇತ್ತು. ಗಾಣಿಗ, ಅವನ ತಮ್ಮ, ಇಬ್ಬರ ಹೆಂಡಂದಿರು, ಮಕ್ಕಳು, ಎಲ್ಲ ಸೇರಿ ಹನ್ನೊಂದು ಜನ. ಹನ್ನೊಂದು ಜನಕ್ಕೆ ಒಂದೇ ಒಲೆ. ಆ ಸೀಮೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ಬೇರೆಯಾದರು ಎನ್ನುವುದಿಲ್ಲ. ಒಲೆ ಹೊರಗೆ ಬಂತು ಎನ್ನುತ್ತಾರೆ. ಬೇರೆ ಹೋಗುವ ಸೊಸೆ ಮೊದಲು ಅಂಗಳದಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಹೊತ್ತಿಸುತ್ತಾಳೆ. ಆ ಹೊಗೆ ಕಂಡರೆ ಊರಿಗೆ ಮತ್ತೇನೂ ಹೇಳಬೇಕಾಗಿಲ್ಲ. ಊರಿನಲ್ಲಿ ಯಾವ ಮನೆಯ ಜಗಳ ಬಿಡಿಸಲು ಕುಳಿತರೂ ಹಿರಿಯರು ಗಾಣಿಗರ ಒಲೆಯನ್ನು ನೋಡಿ ಕಲಿಯಿರಿ ಎನ್ನುತ್ತಿದ್ದರು. ಗಾಣಿಗನಿಗೆ ಆ ಮಾತು ಹಿತವಾಗಿತ್ತು. ಯಾರಿಗಾದರೂ ಹಿತವೇ.

ಆ ಒಲೆ ಇದ್ದದ್ದು ಮನೆಯ ನಡುವಿನ ಅಂಕಣದಲ್ಲಿ, ದೊಡ್ಡ ತೊಲೆಯ ಕೆಳಗೆ. ಅದರ ಮುಂದೆ ದಿನಾ ಕೂರುತ್ತಿದ್ದವಳು ಗಾಣಿಗನ ಹೆಂಡತಿ ನಿಂಬೆವ್ವ. ಹನ್ನೊಂದು ಜನಕ್ಕೆ ಎರಡು ಹೊತ್ತು ರೊಟ್ಟಿ ಬಡಿಯುವುದೆಂದರೆ ಎದ್ದದ್ದು ಕಡಿಮೆ, ಕೂತದ್ದೇ ಹೆಚ್ಚು. ಮನೆಯ ಬೇರೆ ಯಾರೂ ಆ ತೊಲೆಯ ಕೆಳಗೆ ಅಷ್ಟು ಹೊತ್ತು ಇರುತ್ತಿರಲಿಲ್ಲ.

ಒಂದು ವರ್ಷ ಯುಗಾದಿ ಕಳೆದ ಮೇಲೆ ಆ ಮನೆಯ ನಡುಬಾಗಿಲು ಮುಚ್ಚದಾಯಿತು. ಚೌಕಟ್ಟು ಬಾಗಿಲನ್ನು ಹಿಡಿದುಕೊಂಡುಬಿಟ್ಟಿತ್ತು. ಗಾಣಿಗ ಬಡಿಗನನ್ನು ಕರೆಸಿದ. ಬಡಿಗ ಬಾಗಿಲನ್ನು ಒಮ್ಮೆ, ಮೇಲೆ ಒಮ್ಮೆ ನೋಡಿ, ಇದು ನನ್ನ ಕೆಲಸವಲ್ಲ, ಮಾಳಿಗೆ ಕೆಲಸದ ರಾಜೇಸಾಬನನ್ನು ಕರೆಯಿರಿ ಎಂದು ಹೋದ. ರಾಜೇಸಾಬ ಬಂದು ಮಾಳಿಗೆ ಹತ್ತಿ ಸಲಾಕೆ ಚುಚ್ಚಿದ. ಮೊಳದುದ್ದ ಮಣ್ಣಿನಲ್ಲಿ ಇಳಿಯಿತು. ಕೆಳಗೆ ಬಂದು ದೊಡ್ಡ ತೊಲೆಯನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟ. ಆಮೇಲೆ ಹೇಳಿದ. ನಿಮ್ಮ ಮಾಳಿಗೆಗೆ ಮಣ್ಣು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ತೊಲೆ ಒಳಗೆ ಸೀಳಿದೆ. ಎರಡು ದಾರಿ ಇವೆ. ಮಣ್ಣನ್ನೆಲ್ಲ ಇಳಿಸಿ, ತೊಲೆಗೆ ಕಂಬ ಕೊಟ್ಟು, ತೆಳುವಾಗಿ ಮತ್ತೆ ಮಣ್ಣು ಹಾಕಬಹುದು. ಇಲ್ಲವೇ ಎಲ್ಲ ತೆಗೆದು ಹೊಸ ತೊಲೆ ಕೂರಿಸಬಹುದು. ಎರಡೂ ಬಾಳಿಕೆ ಬರುತ್ತವೆ. ಯಾವುದೆಂದು ಹೇಳಿಕಳಿಸಿದರೆ ಎಂಟು ದಿನದಲ್ಲಿ ಮುಗಿಸುತ್ತೇನೆ.

ಗಾಣಿಗನಿಗೆ ಇದು ಎದೆಗೆ ನಾಟಿತು. ತಾನು ಹೊತ್ತು ಹಾಕಿದ ಮಣ್ಣೇ ಮನೆಗೆ ಭಾರವಾಯಿತು ಎಂಬ ಮಾತನ್ನು ಅವನು ಕೂಡಲೇ ನುಂಗಿಕೊಳ್ಳಲಾರದೆ ಹೋದ. ಇನ್ನೊಬ್ಬರ ಬಾಯಲ್ಲೂ ಕೇಳೋಣ ಎಂದುಕೊಂಡ.

ಕೇಳತೊಡಗಿದ ಮೇಲೆ ಹೇಳುವವರಿಗೆ ಬರವೇ? ಗೌಡ ಹಳೆಯ ತೊಲೆಯಷ್ಟು ಗಟ್ಟಿ ಮರ ಈಗ ಎಲ್ಲಿ ಸಿಗುತ್ತದೆ ಎಂದ. ಗೌಡನ ಅಳಿಯ ಹಳೆಯದಕ್ಕೆ ತೇಪೆ ಹಚ್ಚುವುದು ದಂಡ ಎಂದ. ಶಾಲೆಯ ಮಾಸ್ತರರು ಎರಡೂ ಕಡೆಯ ಗುಣದೋಷಗಳನ್ನು ಒಂದು ಸಂಜೆ ಪೂರ್ತಿ ಬಿಡಿಸಿ ಹೇಳಿದರು. ಗಾಣಿಗ ಎಣ್ಣೆ ಕೊಳ್ಳಲು ಬಂದವರನ್ನೂ ಬಿಡಲಿಲ್ಲ. ಸೋಮವಾರ ಕೆಡವುವುದು ಎಂದು ನಿಶ್ಚಯ ಮಾಡುತ್ತಿದ್ದ. ಬುಧವಾರದ ಹೊತ್ತಿಗೆ ದುರಸ್ತಿಯೇ ಸರಿ ಎನಿಸುತ್ತಿತ್ತು. ಸುಮ್ಮನೆ ಕೂತಿದ್ದ ಎನ್ನುವಂತಿಲ್ಲ. ಅಷ್ಟು ಓಡಾಟವನ್ನು ಅವನು ಮಗಳ ಮದುವೆಗೂ ಮಾಡಿರಲಿಲ್ಲ.

ಒಬ್ಬ ಸ್ವಾಮಿಯನ್ನೂ ಕೇಳಿದ. ಆ ಸ್ವಾಮಿ ನಾನೇ ಎಂದರು ಅಜ್ಜ.

ಮುರಿಗೆಪ್ಪ ತಲೆಯೆತ್ತಿ ನೋಡಿದ. ಅಜ್ಜ ಅವನತ್ತ ನೋಡದೆ ಮುಂದುವರಿಸಿದರು. ಸ್ವಾಮಿ ಆಗ ಹರೆಯದವನು. ಓದಿದ್ದು ಬಹಳ, ಮಾತು ಇನ್ನೂ ಬಹಳ. ಗಾಣಿಗ ಬಿನ್ನಹಕ್ಕೆ ಕರೆದಿದ್ದ. ಸ್ವಾಮಿ ಆ ನಡುವಿನ ಅಂಕಣದಲ್ಲೇ ಕುಳಿತು ಊಟ ಮಾಡಿದ. ಹಳೆಯದು ಎಂದರೇನು, ಹೊಸದು ಎಂದರೇನು, ಎಲ್ಲ ಜಂತೆಗಳನ್ನು ಬದಲಿಸಿದ ಮೇಲೂ ಅದು ಅಪ್ಪನ ಮನೆಯೇ ಹೌದೋ ಅಲ್ಲವೋ ಎಂದು ಚೆನ್ನಾಗಿ ಮಾತಾಡಿದ. ನಿಂಬೆವ್ವ ಒಲೆಯ ಮುಂದಿನಿಂದ ಬಿಸಿ ರೊಟ್ಟಿ ಕೊಡುತ್ತಲೇ ಇದ್ದಳು. ಸ್ವಾಮಿ ನಾಲ್ಕು ರೊಟ್ಟಿ ತಿಂದ. ಅವಳು ಎಲ್ಲಿ ಕೂತಿದ್ದಾಳೆ ಎಂದು ಕಣ್ಣೆತ್ತಿ ನೋಡಲಿಲ್ಲ. ಅದಕ್ಕಾಗಿ ನನಗೆ ಇವತ್ತಿಗೂ ನಾಚಿಕೆಯಿದೆ ಎಂದರು ಅಜ್ಜ. 

ಅದಾಗಿ ನಾಲ್ಕು ದಿನಕ್ಕೆ ನಿಂಬೆವ್ವ ಗಾಣದ ಚಪ್ಪರಕ್ಕೆ ಬಂದು ಗಂಡನ ಮುಂದೆ ನಿಂತಳು. ಅವಳು ಅಲ್ಲಿಗೆ ಬರುವವಳಲ್ಲ.

“ನಿನ್ನಿಯಿಂದ ಹಿಟ್ಟಿನಾಗ ಮಣ್ಣ ಉದುರಾಕತ್ತೈತಿ,” ಎಂದಳು. “ಮಳಿ ಇಲ್ಲ, ಗಾಳಿ ಇಲ್ಲ. ಮಾಳಗಿ ಮಾತು ನಿಮಗ ಬಿಟ್ಟದ್ದು. ನಿಮಗ ತಿಳಿದಾಗ ಮಾಡಸ್ರಿ. ಅಲ್ಲೀ ಮಟ ಒಲಿ ಈ ಚಪ್ಪರದಾಗ ಹೂಡ್ಲ್ಯಾ?”

ಗಾಣಿಗ ಎತ್ತನ್ನು ನಿಲ್ಲಿಸಿದ. “ಒಲಿ ಹೊರಗ ಬಂದ್ರ ಮಂದಿ ಏನ ಅಂತಾರ? ಅಣ್ಣತಮ್ಮ ಬ್ಯಾರಿ ಆದ್ರು ಅಂತ ಸಂಜೀಕ ಊರೆಲ್ಲಾ ಸುದ್ದಿ ಆಕ್ಕೈತಿ. ಎಂಟು ದಿನ ತಡಿ. ನಾ ಏನರ ಒಂದು ನಿಕ್ಕಿ ಮಾಡ್ತೀನಿ.”

“ಮಂದಿ ಅಂದದ್ದು ತೊಲಿಗೆ ಕೇಳಸ್ತೈತೇನ್ರಿ?” ಎಂದು ಅವಳು ಒಳಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಹಳೆಯ ಸೀರೆಯನ್ನು ಒಲೆಯ ಮೇಲೆ ಜಂತೆಯಿಂದ ಜಂತೆಗೆ ಕಟ್ಟಿದಳು. ಮಣ್ಣು ಹಿಟ್ಟಿಗೆ ಬೀಳುವ ಬದಲು ಸೀರೆಗೆ ಬೀಳತೊಡಗಿತು. ಗಾಣಿಗ ದಿನಾ ಬೆಳಿಗ್ಗೆ ಸೀರೆಯಲ್ಲಿ ಎಷ್ಟು ಬಿದ್ದಿದೆ ಎಂದು ಮುಟ್ಟಿ ನೋಡುತ್ತಿದ್ದ. ಒಂದು ದಿನ ಅದರಿಂದ ಒಂದು ಹಿಡಿ ಮಣ್ಣನ್ನು ಕಾಗದದಲ್ಲಿ ಕಟ್ಟಿಕೊಂಡು ಮಾಸ್ತರರಿಗೆ ತೋರಿಸಲು ಒಯ್ದ. ಮಾಸ್ತರರು ಅದನ್ನು ತಿಕ್ಕಿ, ಮೂಸಿ, ಇದು ಕೆಳಪದರಿನದು, ಹಾಗಾಗಿ ಕೆಡವುವ ಕಡೆಗೆ ಒಂದು ಕಾರಣ ಹೆಚ್ಚಾಯಿತು ಎಂದರು. ಗಾಣಿಗನಿಗೆ ಅಂದು ಸಮಾಧಾನವೇ ಆಯಿತು. ಹೆಂಡತಿ ಕಟ್ಟಿದ ಸೀರೆಯನ್ನು ಅವನು ಹೀಗೆ ಓದಿಕೊಂಡ.

ಎಂಟು ದಿನ ಹನ್ನೆರಡಾಯಿತು. ಮೂರು ಹರದಾರಿ ದೂರದ ಊರಿನಲ್ಲಿ ಅವನ ಷಡ್ಡಕ ಹೊಸ ಮಾಳಿಗೆ ಹಾಕಿಸಿದ್ದ. ಕಣ್ಣಾರೆ ನೋಡಿಬಿಡೋಣ ಎಂದು ಗಾಣಿಗ ಹೊರಟ. ಹೋಗಿ ನೋಡಿದ. ಮೇಲೆ ಹತ್ತಿ ನಡೆದ, ಕೆಳಗೆ ನಿಂತು ನೋಡಿದ. ಅಲ್ಲಿಯೇ ಅವನ ಮನಸ್ಸು ಒಂದು ಕಡೆ ನಿಂತಿತು. ಎಷ್ಟೋ ದಿನದ ಮೇಲೆ ಎದೆ ಹಗುರವಾಯಿತು. ಊಟಕ್ಕೂ ನಿಲ್ಲದೆ ಮಧ್ಯಾಹ್ನವೇ ಊರ ದಾರಿ ಹಿಡಿದ. ಹಾದಿಯಲ್ಲಿ ಅಡ್ಡಮಳೆ ಹಿಡಿಯಿತು. ಗಾಳಿ ಅವನ ರುಮಾಲನ್ನು ಎತ್ತಿಕೊಂಡು ಹೋಯಿತು. ಅವನು ಲೆಕ್ಕಿಸಲಿಲ್ಲ. ರಾಜೇಸಾಬನಿಗೆ ಇವತ್ತೇ ಹೇಳಿಕಳಿಸಬೇಕು, ಅದಕ್ಕೂ ಮೊದಲು ಅವಳಿಗೆ ಹೇಳಬೇಕು, ಹೇಗೆ ಹೇಳಬೇಕು ಎಂದು ಮಾತು ಜೋಡಿಸುತ್ತ ನೆನೆದುಕೊಂಡು ನಡೆದ.

ಊರು ಮುಟ್ಟುವಾಗ ಮಳೆ ನಿಂತಿತ್ತು. ಅವನ ಮನೆಯ ಮುಂದೆ ಜನ ಸೇರಿದ್ದರು. ಮಳೆ ಹಿಡಿದಾಗ ತಮ್ಮ ಗಾಣದ ಚಪ್ಪರದಲ್ಲಿದ್ದ. ತಮ್ಮನ ಹೆಂಡತಿ, ನಿಂಬೆವ್ವನ ನೆಗೆಣ್ಣಿ, ಮಕ್ಕಳನ್ನು ಕರೆದುಕೊಂಡು ಅಂಗಳದಲ್ಲಿ ಒಣಹಾಕಿದ್ದ ಕುಸುಬೆ ಒಳಗೆ ತೆಗೆಯುತ್ತಿದ್ದಳು. ನಡುವಿನ ಅಂಕಣ ಒಂದೇ ಸಲಕ್ಕೆ ಕುಸಿದಿತ್ತು. ನಿಂಬೆವ್ವ ಸಂಜೆಯ ರೊಟ್ಟಿಗೆ ಕೂತಿದ್ದಳು.

ಎಲ್ಲರೂ ಸೇರಿ ಬುಟ್ಟಿಯಲ್ಲಿ ಮಣ್ಣು ತೆಗೆದರು. ಗಾಣಿಗ ಕೈಯಿಂದ ತೆಗೆದ. ಮಣ್ಣು ಹೆಂಟೆ ಹೆಂಟೆಯಾಗಿ ಬಿದ್ದಿತ್ತು, ಪದರುಗಳು ಹಾಗೆಯೇ ಇದ್ದವು. ಎಲ್ಲಕ್ಕಿಂತ ಮೇಲೆ ಬೆಳ್ಳಗಿದ್ದದ್ದು ಹೋದ ವರ್ಷದ್ದು. ಕೆಂಪು ಕಲೆತದ್ದು ಹಳ್ಳ ಉಕ್ಕಿ ಹರಿದ ವರ್ಷದ್ದು. ಹೊಟ್ಟು ಬೆರೆತದ್ದು ತಮ್ಮನ ಮದುವೆಯ ವರ್ಷದ್ದು. ಅವನಿಗೆ ಒಂದೊಂದೂ ಗುರುತು ಹತ್ತಿತು. ನಿಂಬೆವ್ವ ಸೊಸೆಯಾಗಿ ಬಂದ ವರ್ಷದ ಮಣ್ಣನ್ನು ಅವಳೇ ಕೆಳಗೆ ನಿಂತು ಬುಟ್ಟಿ ಎತ್ತಿಕೊಟ್ಟಿದ್ದಳು. ಅದನ್ನೂ ತೆಗೆದ. ಕಡೆಗೆ ಅಪ್ಪನ ಮಣ್ಣು ಬಂತು. ಅಪ್ಪನ ಮಣ್ಣಿನ ಕೆಳಗೆ ಅವಳಿದ್ದಳು. ಮಣ್ಣಿನಿಂದ ತೆಗೆದವಳನ್ನು ಮರುದಿನ ಮತ್ತೆ ಮಣ್ಣು ಮಾಡಿದರು.

ಮೂರನೆಯ ದಿನ ನೆಗೆಣ್ಣಿ ಚಪ್ಪರದಲ್ಲಿ ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದಳು. ಮಕ್ಕಳಿಗೆ ಏನಾದರೂ ಬೇಯಿಸಿ ಹಾಕಬೇಕಿತ್ತಲ್ಲ. ಹೊಗೆ ಎದ್ದಿತು. ಓಣಿಯವರೆಲ್ಲ ಆ ಹೊಗೆಯನ್ನು ನೋಡಿಕೊಂಡೇ ಹೋಗಿಬಂದರು. ಒಲೆ ಹೊರಗೆ ಬಂತು ಎಂದು ಒಬ್ಬರೂ ಅನ್ನಲಿಲ್ಲ. ಯಾರಾದರೂ ಅನ್ನುತ್ತಾರೇನೋ ಎಂದು ಗಾಣಿಗ ಕಟ್ಟೆಯ ಮೇಲೆ ಕೂತು ಸಂಜೆಯವರೆಗೆ ಕಾದ. ಯಾರೂ ಅನ್ನದೆ ಹೋದದ್ದನ್ನು ತಾಳಲಾರದೆ ಅತ್ತ. ನಾನು ಮಾತಾಡಿಸಲು ಹೋದಾಗ ಇದನ್ನೆಲ್ಲ ಅವನೇ ನನಗೆ ಹೇಳಿದ ಎಂದರು ಅಜ್ಜ.  ಪಕ್ಕದಲ್ಲಿ ಕೂತು ಎದ್ದು ಬಂದೆ.

ಆಮೇಲೆ ರಾಜೇಸಾಬ ಎಂಟೇ ದಿನದಲ್ಲಿ ಮಾಳಿಗೆ ಮಾಡಿಕೊಟ್ಟ. ಒಳ್ಳೆಯ ಮಾಳಿಗೆ. ಇವತ್ತಿಗೂ ಸೋರಿಲ್ಲ. ಗಾಣಿಗ ಬದುಕಿದಷ್ಟು ದಿನ ಅದರ ಕೆಳಗೆ ಊಟಕ್ಕೆ ಕೂರಲಿಲ್ಲ. ತಟ್ಟೆಯನ್ನು ಚಪ್ಪರಕ್ಕೆ ತರಿಸಿಕೊಂಡು ಉಣ್ಣುತ್ತಿದ್ದ.

ಅಜ್ಜ ಕತೆ ನಿಲ್ಲಿಸಿದರು. ಮುರಿಗೆಪ್ಪ ಇನ್ನೂ ಏನೋ ಬರುತ್ತದೆಂದು ಕಾದ. ಬರಲಿಲ್ಲ. ಕೈಯಲ್ಲಿದ್ದ ಲೆಕ್ಕದ ಕಾಗದ ಅವನನ್ನು ಸುಮ್ಮನಿರಲು ಬಿಡಲಿಲ್ಲ. ಷಡ್ಡಕನ ಊರಿನಿಂದ ಬರುವಾಗ ಗಾಣಿಗ ಯಾವುದನ್ನು ನಿಶ್ಚಯ ಮಾಡಿದ್ದ, ಕೆಡವುವುದನ್ನೋ ದುರಸ್ತಿಯನ್ನೋ ಎಂದು ಕೇಳಿದ.

ಅಜ್ಜ ಅವನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

“ಇವತ್ತು ಮಧ್ಯಾಹ್ನ ನಮ್ಮ ದಾಸೋಹದ ಪಡಸಾಲ್ಯಾಗ ಎಷ್ಟು ಮಂದಿ ಉಣ್ಣಾಕ ಕುಂತಿದ್ರು, ಮುರಿಗೆಪ್ಪಾ?”

ಮುರಿಗೆಪ್ಪನಿಗೆ ಗೊತ್ತಿರಲಿಲ್ಲ.