ಹಗ್ಗ ಹೊಸೆಯುವವನ ಊಟ

ಶಿಷ್ಯ ಕೇಳಿದ: "ಗುರುಗಳೇ, ಉತ್ತರ ಬೇಡದ ಪ್ರಶ್ನೆಯನ್ನು ಜನ ಏಕೆ ಕೇಳುತ್ತಾರೆ? ಮಠದ ಬಾಗಿಲು ಗುಡಿಸುವ ಅಜ್ಜಿ ದಿನವೂ ನನ್ನನ್ನು ಕಂಡು 'ಊಟ ಆಯ್ತೇನಪ್ಪಾ' ಎನ್ನುತ್ತಾಳೆ. ನಾನು ಪಂಕ್ತಿಯಿಂದ ಎದ್ದು ಬರುವುದನ್ನು ಕಣ್ಣಾರೆ ನೋಡಿಯೇ ಕೇಳುತ್ತಾಳೆ. ಬರಿಯ ಬಾಯುಪಚಾರ. ಇಂದು ನಾನು ಮಾತಾಡದೆ ಬಂದುಬಿಟ್ಟೆ."

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಹಗ್ಗ ಹೊಸೆಯುವವನಿದ್ದ. ಅವನ ಮನೆ ಊರಿನ ಆಚೆ, ಪೇಟೆಗೆ ಹೋಗುವ ದಾರಿಯಲ್ಲಿತ್ತು. ಹಗ್ಗ ಹೊಸೆಯಲು ಇಬ್ಬರು ಬೇಕು, ತುದಿಗೊಬ್ಬರು. ಹೆಂಡತಿ ತೀರಿಕೊಂಡ ಮೇಲೆ ಅವನು ಅವಳ ತುದಿಯನ್ನು ಕಂಬಕ್ಕೆ ಕಟ್ಟಿದ. ಕೆಲಸ ನಡೆಯಿತು. ಆದರೆ ಒಬ್ಬನಿಗಾಗಿ ಒಲೆ ಹಚ್ಚಲು ಅವನಿಗೆ ಕೈ ಏಳುತ್ತಿರಲಿಲ್ಲ. ಹಿಡಿ ಮಂಡಕ್ಕಿ ತಿಂದು ನೀರು ಕುಡಿಯುತ್ತಿದ್ದ. ಕೆಲವು ದಿನ ಅದೂ ಇಲ್ಲ.

ಉಪ್ಪಿನ ವ್ಯಾಪಾರಿಯೊಬ್ಬ ದಿನವೂ ಮಧ್ಯಾಹ್ನ ಎತ್ತಿನ ಮೇಲೆ ಮೂಟೆ ಹೇರಿಕೊಂಡು ಆ ದಾರಿಯಲ್ಲಿ ಹೋಗುತ್ತಿದ್ದ. ಒಂದು ದಿನ ಹಗ್ಗದವನನ್ನು ಕಂಡು, "ಏನಪ್ಪಾ, ಊಟ ಆಯ್ತಾ?" ಎಂದ.

"ಆಯ್ತು ಯಜಮಾನ್ರೇ" ಎಂದ ಹಗ್ಗದವನು. ಉತ್ತರ ಬರುವಷ್ಟರಲ್ಲಿ ಎತ್ತು ಮನೆ ಮುಂದಿನ ಬೇವಿನ ಮರ ದಾಟಿತ್ತು.

ಸುಳ್ಳು ಹೇಳಿದೆನಲ್ಲ ಎಂದು ಹಗ್ಗದವನಿಗೆ ನಾಚಿಕೆಯಾಯಿತು. ಮರುದಿನ ಆ ಹೊತ್ತಿಗೆ ಮೊದಲೇ ಗಂಜಿ ಕಾಯಿಸಿ ಕುಡಿದು ಕಾದ. ವ್ಯಾಪಾರಿ ಕೇಳಿದ. ಅವನು "ಆಯ್ತು" ಎಂದ. ಈ ಸಲ ಅದು ನಿಜವಾಗಿತ್ತು. ಹೀಗೆ ಮೂರು ವರ್ಷ ಆ ಒಲೆ ದಿನವೂ ಉರಿಯಿತು. ವ್ಯಾಪಾರಿಗೆ ಇದೇನೂ ತಿಳಿಯದು.

ಒಂದು ದಿನ ವ್ಯಾಪಾರಿಯ ಜೊತೆ ಅವನ ಭಾವಮೈದುನ ಬಂದಿದ್ದ. "ಏನು ಭಾವ, ಬಡಿಸೋರ ಹಾಗೆ ಕೇಳ್ತೀರಲ್ಲ! ಇಲ್ಲ ಅಂದಿದ್ರೆ ಉಪ್ಪು ತಿನ್ನಿಸ್ತಿದ್ರಾ?" ಎಂದು ನಕ್ಕ. ವ್ಯಾಪಾರಿಗೆ ಹೌದೆನಿಸಿತು. ಮರುದಿನದಿಂದ ಅವನು ಎತ್ತಿನ ಕೊಂಬನ್ನೇ ನೋಡುತ್ತ ಸುಮ್ಮನೆ ಹೋಗತೊಡಗಿದ.

ನಾಲ್ಕನೆಯ ದಿನ ಹಗ್ಗದವನು ದಾರಿಗೆ ಅಡ್ಡ ನಿಂತಿದ್ದ.

"ಯಜಮಾನ್ರೇ, ನನ್ನದು ಊಟ ಆಗಿಲ್ಲ."

"ನಾನು ಕೇಳಲೇ ಇಲ್ಲವಲ್ಲಪ್ಪಾ?"

"ಅದಕ್ಕೇ ಆಗಿಲ್ಲ."

ವ್ಯಾಪಾರಿ ಎತ್ತನ್ನು ಬೇವಿನ ಮರಕ್ಕೆ ಕಟ್ಟಿದ. ಅಂದು ಆ ಮನೆಯ ಒಲೆಯನ್ನು ಅವನೇ ಹಚ್ಚಿದ.

ಕತೆ ಮುಗಿಯಿತು. ಶಿಷ್ಯ ತಲೆ ತಗ್ಗಿಸಿ, "ತಪ್ಪಾಯಿತು ಗುರುಗಳೇ. ನಾಳೆಯಿಂದ ಅಜ್ಜಿ ಕೇಳಿದಾಗಲೆಲ್ಲ ನಿಂತು ಉತ್ತರ ಕೊಡುತ್ತೇನೆ" ಎಂದ.

ಗುರುಗಳು ಕೇಳಿದರು: "ಅಜ್ಜಿಯದು ಊಟ ಆಯಿತೇ?"