ಮಾತಾಡದ ಮೈನಾಗಳು

ಒಂದು ಕಾಡಿನಲ್ಲಿ ಚೌಡಮ್ಮ ಎಂಬ ಮುಳ್ಳುಹಂದಿ ಇದ್ದಳು. ಮೈತುಂಬ ಮುಳ್ಳು, ಮನಸ್ಸು ಮಾತ್ರ ಬೆಣ್ಣೆ. ಅವಳ ಒಬ್ಬಳೇ ಮಗಳು ಹೊನ್ನಿಯನ್ನು ಹಳ್ಳದಾಚೆಗೆ ಮದುವೆ ಮಾಡಿಕೊಟ್ಟಿದ್ದರು. ಹೊನ್ನಿ ಈಗ ತುಂಬು ಬಸುರಿ. ಹೆರಿಗೆಯ ಸುದ್ದಿ ತಿಳಿಯುವುದು ಹೇಗೆ ಎಂದು ಚೌಡಮ್ಮನಿಗೆ ಒಂದೇ ಚಿಂತೆ.

ಅದೇ ಹೊತ್ತಿಗೆ ಪುನುಗುಬೆಕ್ಕು ಸಿಂಗಾರಯ್ಯ ಹೊಸ ವ್ಯಾಪಾರ ಶುರುಮಾಡಿದ. ಮರಮರದ ಮೇಲೂ ಮೈನಾಗಳನ್ನು ಕೂರಿಸಿದ. ಒಂದು ಮೈನಾಗೆ ಹೇಳಿದರೆ ಅದು ಮುಂದಿನದಕ್ಕೆ ಕೂಗುತ್ತದೆ, ಅದು ಅದರ ಮುಂದಿನದಕ್ಕೆ. ಇದೇ ಅವನ ನೆಟ್‌ವರ್ಕ್. ತೇಗದ ಎಲೆಗಳ ಮೇಲೆ ಜಾಹೀರಾತು ಬರೆಸಿ ಕಾಡೆಲ್ಲ ನೇತುಹಾಕಿದ: "ಕಾಡಿನ ಮೂಲೆಮೂಲೆಗೂ ನಿಮ್ಮ ಕೂಗು! ಅಳಿಲು ಸೀನಿದರೂ ಹುಲಿ ಎದ್ದು ಕೂರುತ್ತದೆ!"

ಅಂಗೈಯಲ್ಲಿ ಆಕಾಶ ತೋರಿಸುವವರಿಗೆ ಗಿರಾಕಿಗಳ ಬರವೇ? ಚೌಡಮ್ಮ ವಾರವಾರವೂ ಒಂದು ಬುಟ್ಟಿ ಗೆಣಸು ಕೊಟ್ಟು ಕೂಗಿಗಾಗಿ ಕಾದಳು. ಕಿವಿ ನೆಟ್ಟಗೆ ಮಾಡಿಕೊಂಡೇ ಉಂಡಳು, ಮಲಗಿದಳು. ಒಂದು ಕೂಗೂ ಬರಲಿಲ್ಲ.

ಕೊನೆಗೆ ತಡೆಯಲಾರದೆ ಹಳ್ಳ ದಾಟಿ ಹೋದಳು. ಹೋಗಿ ನೋಡಿದರೆ, ಮೊಮ್ಮಗ ಹುಟ್ಟಿ ತಿಂಗಳಾಗಿತ್ತು! ಹೊನ್ನಿ ಮುಳ್ಳು ನಿಗುರಿಸಿ ಬಾಗಿಲಿಗೆ ಅಡ್ಡ ನಿಂತಳು.

"ನೋವು ತಿಂತಾ ತಿಂತಾ ಮೈನಾಗೆ ಕೂಗಿ ಹೇಳ್ದೆ. ಯಾಕವ್ವಾ ಬರ್ಲಿಲ್ಲ?"

"ನಂಗೆ ಕೇಳಿಸ್ಲೇ ಇಲ್ಲ ಕಣೇ!"

"ಸುಳ್ಳು! ಮೂಲೆಮೂಲೆಗೂ ಕೇಳ್ಸುತ್ತೆ ಅಂತ ಎಲೆ ಮೇಲೆ ಬರ್ದವ್ರೆ. ಕೇಳಿಸ್ಕೊಂಡೂ ಸುಮ್ನಿದ್ದೆ ನೀನು. ಹೋಗು, ಮಗೂನ ಮುಟ್ಬೇಡ."

ಚೌಡಮ್ಮನ ಎದೆ ಒಡೆದುಹೋಯಿತು. ಹೆತ್ತ ತಾಯಿಗಿಂತ ತೇಗದ ಎಲೆಯ ಮಾತೇ ಮಗಳಿಗೆ ಹೆಚ್ಚಾಯಿತಲ್ಲ! ಅಳುತ್ತಲೇ ಸಿಂಗಾರಯ್ಯ ದೂರು ಕೇಳಲೆಂದು ಇಟ್ಟಿದ್ದ ಕಟ್ಟೆಗೆ ಹೋದಳು. ಅಲ್ಲೊಂದು ಗಿಳಿ ಕೂತಿತ್ತು.

"ನಿಮ್ಮ ದೂರು ನಮಗೆ ಬಹಳ ಮುಖ್ಯ. ದಯವಿಟ್ಟು ಕಾಯಿರಿ," ಎಂದು ಗಿಳಿ ಒಂದು ಹಾಡು ಹಾಡಿತು. ಹಾಡು ಮುಗಿಸಿ ಮತ್ತೆ, "ನಿಮ್ಮ ದೂರು ನಮಗೆ ಬಹಳ ಮುಖ್ಯ," ಎಂದಿತು.

"ಅಷ್ಟು ಮುಖ್ಯ ಆದ್ರೆ ಹಾಡೋದು ಬಿಟ್ಟು ಕೇಳಮ್ಮ!" ಎಂದಳು ಚೌಡಮ್ಮ. ಗಿಳಿ ಎರಡನೇ ಹಾಡು ಎತ್ತಿಕೊಂಡಿತು. ಒಂಬತ್ತನೇ ಹಾಡಿಗೆ ಚೌಡಮ್ಮ ಎದ್ದು ನೇರ ಆನೆಯಜ್ಜಿಯ ಹತ್ತಿರ ಹೋದಳು. ಕಾಡಿನ ನ್ಯಾಯವೆಲ್ಲ ಅವಳದೇ.

ಆನೆಯಜ್ಜಿ ಎಲ್ಲವನ್ನೂ ಕೇಳಿದಳು. ಸಿಂಗಾರಯ್ಯನನ್ನು ಕರೆಸಿ ಗಿರಾಕಿಗಳೆಲ್ಲರ ಮುಂದೆ ಹೇಳಿದಳು: "ಏನಪ್ಪಾ, ನಿನ್ನ ನೆಟ್‌ವರ್ಕ್ ಭಾರಿ ಚೆನ್ನಾಗೈತಂತೆ. ನಾಳೆ ನಿಂಗೆ ಸನ್ಮಾನ. ಹಲಸಿನ ಹಣ್ಣಿನ ಪಾಯಸ ಮಾಡಿಸ್ತೀನಿ. ನೀನು ಹಳ್ಳದಾಚೆ ಆರಾಮಾಗಿ ಕೂತಿರು. ಪಾಯಸ ಆದ ತಕ್ಷಣ ನಿನ್ನ ಮೈನಾಗಳ ಕೈಲೇ ಕೂಗಿಸ್ತೀವಿ."

ಸಿಂಗಾರಯ್ಯನಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ಒಲ್ಲೆ ಎಂದರೆ ಗಿರಾಕಿಗಳು ಬಿಡುವುದಿಲ್ಲ, ಹೂಂ ಎಂದರೆ ಪಾಯಸ ಸಿಗುವುದಿಲ್ಲ. ಹಲ್ಲು ಗಿಂಜಿ ಹೂಂ ಎಂದ.

ಮರುದಿನ ಕಾಡೆಲ್ಲ ಸೇರಿತು. ಆನೆಯಜ್ಜಿ ತಾನೇ ಹೋಗಿ ಹೊನ್ನಿಯನ್ನೂ ಕೂಸನ್ನೂ ಕರೆತಂದಳು. ಪಾಯಸ ಆಯಿತು. ಮೈನಾಗಳು ಮೂರು ಸಲ ಕೂಗಿದವು. ಸಿಂಗಾರಯ್ಯನ ಸುಳಿವಿಲ್ಲ. ಎಲ್ಲರೂ ಬಡಿಸಿಕೊಂಡು ತಿಂದರು. ಕರಡಿ ಹಂಡೆಯೊಳಗೆ ತಲೆ ಹಾಕಿ ನೆಕ್ಕಿ ಮುಗಿಸುವ ಹೊತ್ತಿಗೆ, ಕಾದು ಕಾದು ಸಾಕಾದ ಸಿಂಗಾರಯ್ಯ ಏದುಸಿರು ಬಿಡುತ್ತ ಓಡಿಬಂದ.

"ನನ್ನ ಯಾರೂ ಕರೀಲೇ ಇಲ್ಲ!"

"ಮೂರು ಸಲ ಕೂಗಿಸಿದ್ವಲ್ಲ," ಎಂದಳು ಆನೆಯಜ್ಜಿ. "ಕೇಳಿಸ್ಕೊಂಡೂ ಬರ್ಲಿಲ್ಲ ಅಂದ್ರೆ ಎಷ್ಟು ಕೊಬ್ಬು ನಿಂಗೆ!"

"ಕೊಬ್ಬಲ್ಲ ಅಜ್ಜಿ! ಹಳ್ಳದಾಚೆ ಕೇಳ್ಸೋದಾದ್ರೂ ಹೆಂಗೆ? ಅಲ್ಲಿರೋವೆಲ್ಲ ಮಣ್ಣಿನ ಮೈನಾ! ನಾನೇ ಕೈಯಾರೆ ಮಾಡಿ ಕೂರ್ಸಿದ್ದು!"

ಬಾಯಿ ಬಿಟ್ಟರೆ ಬಣ್ಣಗೇಡು. ಸಾಲದ್ದಕ್ಕೆ ಮರದ ಮೇಲಿನ ನಿಜವಾದ ಮೈನಾ ಅದನ್ನೂ ಕೂಗು ಎಂದುಕೊಂಡು ಮುಂದಿನದಕ್ಕೆ ದಾಟಿಸಿತು. "ಮಣ್ಣಿನ ಮೈನಾ! ನಾನೇ ಮಾಡಿದ್ದು!" ಎಂದು ಗುಡ್ಡದ ತುದಿಯವರೆಗೂ ಕೇಳಿಸಿತು. ಅವತ್ತು ಮಾತ್ರ ನೆಟ್‌ವರ್ಕ್ ಬಹಳ ಚೆನ್ನಾಗಿತ್ತು.

ಹೊನ್ನಿಯ ಮುಳ್ಳುಗಳು ಒಂದೊಂದಾಗಿ ಮಲಗಿದವು. ಅವಳು ತಲೆ ತಗ್ಗಿಸಿ ಬಂದು ಕೂಸನ್ನು ತಾಯಿಯ ಮಡಿಲಿಗೆ ಹಾಕಿದಳು.

"ತಪ್ಪಾಯ್ತು ಕಣವ್ವಾ. ಜೋಪಾನ, ಚುಚ್ತಾನೆ."

"ಚುಚ್ಲಿ ಬಿಡೇ," ಎಂದು ಚೌಡಮ್ಮ ಕೂಸಿಗೆ ಮುತ್ತಿಟ್ಟಳು. ಮೂಗಿಗೆ ಎರಡು ಮುಳ್ಳು ಚುಚ್ಚಿದವು. ಅವಳಿಗೆ ಅದೂ ಸಂತೋಷವೇ ಆಯಿತು.

ಆನೆಯಜ್ಜಿ ತೀರ್ಪು ಹೇಳಿದಳು: "ಹಳ್ಳದಾಚೆ ಜೀವ ಇರೋ ಮೈನಾ ಕೂರೋ ತನಕ ನೀನೇ ನೆಟ್‌ವರ್ಕ್ ಕಣೋ ಸಿಂಗಾರಯ್ಯ. ಯಾರು ಏನು ಹೇಳಿದ್ರೂ ಓಡಿ ಹೋಗಿ ಹೇಳ್ಬಿಟ್ಟು ಬಾ."

ಅಂದಿನಿಂದ ಚೌಡಮ್ಮ ದಿನಕ್ಕೆ ಹತ್ತು ಸಲ ಅವನನ್ನು ಹಳ್ಳದಾಚೆಗೆ ಓಡಿಸಿದಳು. ಸುದ್ದಿ ಮಾತ್ರ ಒಂದೇ: "ಕೂಸು ಎದ್ತಾ ಅಂತ ಕೇಳ್ಕೊಂಡು ಬಾ."

ನೀತಿ: ಇಲ್ಲದ್ದನ್ನು ಇದೆ ಎಂದು ಸಾರಿ ಮಾರುವವನು ಒಂದು ದಿನ ತನ್ನ ಬಾಯಿಂದಲೇ ಸಿಕ್ಕಿಬೀಳುತ್ತಾನೆ; ಜಾಹೀರಾತನ್ನು ನಂಬಿ ನಮ್ಮವರನ್ನು ಅನುಮಾನಿಸಬಾರದು.