ತಿಪ್ಪವ್ವನ ಏರು

ಬಹಳ ಹಿಂದೆ, ನನ್ನ ಮುತ್ತಜ್ಜನೂ ಕೇಳಿಯೇ ತಿಳಿದಿದ್ದಷ್ಟು ಹಿಂದೆ, ಗುಡ್ಡದ ಕೆಳಗೆ ಒಂದು ಕಲ್ಲುಕುಟಿಗರ ಊರಿತ್ತಂತೆ. ಅಲ್ಲಿ ಮೂವತ್ತು ದಾಟಿದವರೆಲ್ಲ ಕೆಮ್ಮುತ್ತಿದ್ದರಂತೆ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಏದುತ್ತಿದ್ದರಂತೆ. ಹುಟ್ಟಿದಾಗಿನಿಂದ ನೋಡಿದ್ದರಲ್ಲ, ಅದನ್ನು ಯಾರೂ ಜಡ್ಡು, ಕಾಯಿಲೆ ಅನ್ನುತ್ತಿರಲಿಲ್ಲ. ವಯಸ್ಸಾದರೆ ಕೂದಲು ನೆರೆಯುತ್ತದೆ, ಉಸಿರು ಗಿಡ್ಡವಾಗುತ್ತದೆ ಅಂತ ತಿಳಿದಿದ್ದರು, ಪಾಪ.

ಆ ಊರಿನ ಮಾರೆಪ್ಪನ ಶ್ವಾಸಕೋಶದಲ್ಲಿ ಕೆಟ್ಟ ಗಡ್ಡೆ ಎದ್ದಿತಂತೆ. ಕೆಮ್ಮಿದರೆ ರಕ್ತ. ಹೆಂಡತಿ ತಿಪ್ಪವ್ವ ಬಂಡಿ ಕಟ್ಟಿಸಿಕೊಂಡು ಹೋಗಿ, ಶಸ್ತ್ರವೈದ್ಯ ಗುರುಪಾದಜ್ಜನನ್ನು ಕರೆತಂದಳು. ಅಜ್ಜನ ಕೈ ಎಷ್ಟು ಹಗುರವೆಂದರೆ, ಕೊಯ್ದು ಹೊಲಿದು ಮುಗಿಸಿದ ಮೇಲೂ ‘ಯಾವಾಗ ಸುರು ಮಾಡ್ತೀರಿ’ ಅಂತ ಕೇಳಿದವರಿದ್ದರಂತೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಚಾಕು ಎತ್ತಿಕೊಳ್ಳುವ ಮುಂಚೆ ಅಜ್ಜ ಕೇಳಿದನಂತೆ, “ಇವಗ ಮೊದಲಿಂದ ಏನರ ಜಡ್ಡು ಐತೇನವ್ವ?”

“ಇಲ್ರೀ ಯಪ್ಪಾ, ಗಟ್ಟಿ ಆಳು,” ಅಂದಳು ತಿಪ್ಪವ್ವ. ಸುಳ್ಳಲ್ಲ. ಅವಳಿಗೆ ತಿಳಿದಿದ್ದೇ ಅಷ್ಟು.

ಗಡ್ಡೆ ಬೇರುಸಹಿತ ಬಂತು. ಊರೆಲ್ಲ ಕೈಮುಗಿಯಿತು. ಮರುದಿನ ನೋಡಿದರೆ ಹೊಲಿಗೆಯ ಸಂದಿಯಲ್ಲಿ ಗಾಳಿ ಗುಳುಗುಳು ಅನ್ನುತ್ತಿತ್ತಂತೆ. ಅಜ್ಜ ಮತ್ತೆ ಹೊಲಿದ. ಉಳಿದ ಶ್ವಾಸಕೋಶ ಹಳೆಯ ಅರಿವೆಯ ಹಾಗೆ ದಾರದ ಪಕ್ಕದಲ್ಲೇ ಹರಿಯಿತು. ಮೂರನೆಯ ದಿನ ಜ್ವರ. ಎದೆ ತುಂಬ ಕಫ, ಕೆಮ್ಮಿ ತೆಗೆಯಲು ಕಸುವಿಲ್ಲ. ತಿಪ್ಪವ್ವನಿಗೆ ತಲೆಬುಡ ತಿಳಿಯಲಿಲ್ಲ. ಗಡ್ಡೆಯೇ ಹೋದ ಮೇಲೆ ಗಂಡ ಯಾಕೆ ಏಳುತ್ತಿಲ್ಲ? ಹರಕೆ ತಪ್ಪಿತೇ? ಅಜ್ಜನ ಕೈ ತಪ್ಪಿತೇ? ತಾನು ಕುಡಿಸಿದ ಗಂಜಿ ಹೆಚ್ಚಾಯಿತೇ? ಅಜ್ಜನಿಗೂ ಗೊತ್ತಾಗಲಿಲ್ಲವಂತೆ. ಎಂಟನೆಯ ದಿನ ಮಧ್ಯಾಹ್ನ ಮಾರೆಪ್ಪ ತೀರಿಕೊಂಡ.

ಹೆಣ ಹೊತ್ತವರು ಗುಡ್ಡದ ಏರಿನಲ್ಲಿ ಹತ್ತು ಹೆಜ್ಜೆಗೊಮ್ಮೆ ಇಳಿಸಿ ಏದತೊಡಗಿದರು. ಅಜ್ಜ ನಿಂತು ತಿಪ್ಪವ್ವನ ಕಡೆ ತಿರುಗಿದನಂತೆ.

“ಮಾರೆಪ್ಪನೂ ಹಿಂಗ ಏದತಿದ್ನೇನವ್ವ?”

“ಎಲ್ಲಾರೂ ಏದತಾರಲ್ರೀ.”

ಅಜ್ಜನಿಗೆ ಆಗ ಹೊಳೆಯಿತು. ವರ್ಷಗಟ್ಟಲೆ ಕಲ್ಲಿನ ದೂಳು ಕುಡಿದ ಶ್ವಾಸಕೋಶವನ್ನು ಒಳ್ಳೆಯದೆಂದು ತಿಳಿದು ಕೊಯ್ದಿದ್ದ. “ಜಡ್ಡು ಐತೇನಂತ ಕೇಳಿದೆ. ಎಷ್ಟು ದೂರ ನಡೀತಾನಂತ ಕೇಳಬೇಕಿತ್ತು. ತಪ್ಪು ನಿಂದಲ್ಲವ್ವ, ನಂದು,” ಅಂದನಂತೆ. ತಿಪ್ಪವ್ವ ಆ ಮಾತನ್ನು ಒಪ್ಪಲೂ ಇಲ್ಲ, ಮರೆಯಲೂ ಇಲ್ಲ. ಕೇಳಿದ್ದರೆ ಗಂಡ ಬದುಕುತ್ತಿದ್ದನೋ, ಕೊಯ್ಯದಿದ್ದರೆ ಗಡ್ಡೆಯೇ ತಿನ್ನುತ್ತಿತ್ತೋ, ಕೊನೆಯವರೆಗೂ ಅವಳಿಗೆ ಬಗೆಹರಿಯಲಿಲ್ಲವಂತೆ. ಆದರೆ ಅಂದಿನಿಂದ ಅಜ್ಜನ ಚಾಕುವಿಗೆ ಹೊರಟ ಪ್ರತಿಯೊಬ್ಬರನ್ನೂ ಅವಳೇ ಆ ಏರು ಹತ್ತಿಸಿದಳು. ದಮ್ಮು ಕಟ್ಟಿದವರನ್ನು ಕಲ್ಲುಗಣಿಯ ಕೆಲಸ ಬಿಡಿಸಿ, ತಿಂಗಳುಗಟ್ಟಲೆ ದಿನಾ ನಡೆಸಿ, ಆಮೇಲೆ ಕಳಿಸಿದಳು. ಕೆಲವರನ್ನು ಕಳಿಸಲೇ ಇಲ್ಲ.

ಇವತ್ತಿಗೂ ಆ ಸೀಮೆಯಲ್ಲಿ ಆಪರೇಷನ್‌ಗೆ ಹೊರಟವರನ್ನು ಮೊದಲು ಏರು ಹತ್ತಿಸುತ್ತಾರೆ. ಜೊತೆಗೊಬ್ಬರು ಮಾತಾಡಿಸುತ್ತ ನಡೆಯುತ್ತಾರೆ. ಮಾತು ನಿಂತ ಜಾಗದಲ್ಲಿ ಕಲ್ಲಿಟ್ಟು, ಎಷ್ಟು ಹೆಜ್ಜೆ ಅಂತ ಡಾಕ್ಟರಿಗೆ ಹೇಳುತ್ತಾರೆ. ‘ನನಗೇನೂ ಜಡ್ಡಿಲ್ಲ’ ಅಂದವರನ್ನು ಎರಡು ಸಲ ಹತ್ತಿಸುತ್ತಾರೆ.